ದುರ್ಬೀನು ಯಾರ ಕಣ್ಣಿಗೆ

ಸ್ತಾರಿ ಲಾಜ್
14 ಏಪ್ರಿಲ್ 1997

ತಮ್ಮಾ ಚಿರಿಲ್,

ಅಕ್ಷರ ನೋಡಿ ಗಾಬರಿ ಬೀಳಬೇಡ. ಹೇಳ್ತಿರೋದು ನಾನೇ, ಬರೀತಿರೋದು ನಿನ್ನ ಅತ್ತಿಗೆ ಟಿಲ್ಕಾ. ನನ್ನ ಬರಹ ಕೋಳಿ ಕೆದರಿದ ಹಾಗಿರ್ತದೆ ಅಂತ ನೀನೇ ಶಾಲೆಗೆ ಹೋಗ್ತಿದ್ದಾಗ ನಗ್ತಿದ್ದೆ. ನಿನ್ನ ಕಾಗದ ಓದಿ ಹೇಳೋದೂ ಇವಳೇ. ನಿನ್ನ ಅಕ್ಷರ ಅಂದರೆ ಇರುವೆ ಸಾಲು. (ಇರುವೆ ಸಾಲೇ. ಆದರೆ ನೆಟ್ಟಗೆ ಹೋಗ್ತವೆ. - ಟಿಲ್ಕಾ)

ಫೋನ್ ಯಾಕೆ ಮಾಡಲ್ಲ ಅಂತ ಕೇಳಬೇಡ. ಫೋನಿನಲ್ಲಿ ನೀನು ಮಾತೇ ಆಡಲ್ಲ. ಟ್ರಿಯೆಸ್ಟ್‌ವರೆಗೆ ನಿನ್ನ ಮೌನಕ್ಕೆ ನಾನು ಬಿಲ್ಲು ಕಟ್ಟಬೇಕಾಗ್ತದೆ.

ವಿಷಯ ಹೀಗಿದೆ. ಹೋದ ನವೆಂಬರಿನಲ್ಲಿ ಮುಸ್ಸಂಜೆಗೆ ಒಂದು ಹೆಣ್ಣು ಜಿಂಕೆಗೆ ಗುಂಡು ಹಾರಿಸಿದೆ. ಬಿತ್ತು ಅಂದುಕೊಂಡೆ. ಬೀಳಲಿಲ್ಲ. ಮೂಸುನಾಯಿ ಬಿಟ್ಟು ಹುಡುಕಿಸಿದ್ರು, ಸಿಕ್ಕಾಗ ನರಿಗಳು ಮುಗಿಸಿದ್ವು. ಬೇಟೆ ಸಂಘದಲ್ಲಿ ಯಾರೂ ಬೈಲಿಲ್ಲ. ಬೈದಿದ್ದರೆ ವಾಸಿ ಇತ್ತು. ಮೊನ್ನೆ ಸಭೆಯಲ್ಲಿ ಯಜಮಾನ ಪೌಲಿನ್ ಎದ್ದು, "ಲುಡ್ವಿಕ್, ಅಕ್ಟೋಬರ್ ಕೊನೇ ಭಾನುವಾರ ಗುರಿಕಟ್ಟೆಗೆ ಬಾ. ನೂರು ಮೀಟರ್, ಐದು ಗುಂಡು. ಐದೂ ಹಲಗೆಯ ಬಳೆಯೊಳಗೆ ಬಿದ್ದರೆ ಅಟ್ಟಣೆ ನಿನ್ನದೇ. ಇಲ್ಲಾಂದ್ರೆ ಹಲ್ಲಿನ ಡಾಕ್ಟರಿಗೆ," ಅಂದ. ಹಲ್ಲಿನ ಡಾಕ್ಟರು ಅಂದರೆ ಲ್ಯುಬ್ಲಿಯಾನಾದಿಂದ ಶನಿವಾರ ಶನಿವಾರ ಬರೋನು. ಹೊಸ ಬೂಟು ಹಾಕಿಕೊಂಡು ಜಿಂಕೆ ಎಲ್ಲಿದೆ ಅಂತ ನಮ್ಮನ್ನೇ ಕೇಳೋನು.

ಆ ಅಟ್ಟಣೆ ಯಾವುದು ಅಂತ ನಿನಗೆ ಹೇಳಬೇಕಾಗಿಲ್ಲ. ಬೇಟೆಗೆ ಕೂರೋಕೆ ಅಂತ ಹುಲ್ಲುಗಾವಲಿನ ಅಂಚಿಗೆ ನಾವಿಬ್ಬರೂ ಮರ ಹೊತ್ತು ಕಟ್ಟಿದ್ದು.

ತಪ್ಪು ನನ್ನ ಕೋವಿ ಮೇಲಿನ ದುರ್ಬೀನಿನದು. ಒಳಗೆ ಮಂಜು ಕೂತಿದೆ. ಹೊಸದು ಬೇಕು, ಬೆಲೆ ನಮ್ಮಂಥವರ ಕೈಗೆಟುಕಬೇಕು. ನೀನು ದಿನವಿಡೀ ಹಡಗಿನವರ ದುರ್ಬೀನು ಬಿಚ್ಚಿ ಕಟ್ಟೋನು. ಯಾವುದು ಕೊಳ್ಳಲಿ ಹೇಳು.

ನಿನ್ನ ಅಣ್ಣ
ಲುಡ್ವಿಕ್

(ಮಂಜು ಕೂತಿದೆ ಅಂತ ಇವರು ಹೇಳ್ತಾರೆ. ನಾನು ನೋಡಿದೆ, ನನಗೆ ಕಾಣಲಿಲ್ಲ. ನನಗೇನು ಗೊತ್ತಾಗ್ತದೆ.)


ಟ್ರಿಯೆಸ್ಟ್
27 ಏಪ್ರಿಲ್ 1997

ಪ್ರೀತಿಯ ಅಣ್ಣನಿಗೆ,

ನಿನ್ನ ಕಾಗದ ತಲುಪಿತು. ಜಿಂಕೆಯ ವಿಷಯ ಓದಿ ವ್ಯಥೆಯಾಯಿತು. ಅದರ ಬಗ್ಗೆ ಬರೆಯಲು ನನಗೆ ತಿಳಿಯುವುದಿಲ್ಲ. ದುರ್ಬೀನಿನ ಬಗ್ಗೆ ಬರೆಯುತ್ತೇನೆ.

ಕಡಿಮೆ ಬೆಲೆಯಲ್ಲಿ ಕೊಳ್ಳುವವನು ಮೊದಲು ತಿಳಿಯಬೇಕಾದದ್ದು, ಅಂಗಡಿಯವನು ಹೊಗಳುವ ಪ್ರತಿಯೊಂದು ಹೆಚ್ಚುಗಾರಿಕೆಗೂ ಗಾಜಿನ ಗುಣದಿಂದಲೇ ಹಣ ಕಡಿತವಾಗಿರುತ್ತದೆ ಎಂಬುದು. ಮೂರರಿಂದ ಒಂಬತ್ತು ಪಟ್ಟು ಹಿಗ್ಗುತ್ತದೆ, ಒಳಗೆ ಕೆಂಪು ದೀಪ ಉರಿಯುತ್ತದೆ ಎನ್ನುವಂಥವನ್ನು ಮುಟ್ಟಬೇಡ. ಪಟ್ಟು ಬದಲಾಗದಂಥದ್ದನ್ನು ನೋಡು. ಆರು ಪಟ್ಟು ಸಾಕು. ಮುಂಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಬಿಲ್ಲೆಯ ಅಗಲ ದೊರೆಯುತ್ತದೆ. ನಲವತ್ತೆರಡನ್ನು ಆರರಿಂದ ಭಾಗಿಸಿದರೆ ಏಳು ಮಿಲಿಮೀಟರ್. ನಮ್ಮ ವಯಸ್ಸಿನವರ ಪಾಪೆ ಕತ್ತಲಲ್ಲಿಯೂ ಅಷ್ಟು ಅರಳುವುದಿಲ್ಲ. ನಿನಗಿಂತ ಹನ್ನೆರಡು ವರ್ಷ ಚಿಕ್ಕವನಾದರೂ 'ನಮ್ಮ' ಎಂದೇ ಬರೆದಿದ್ದೇನೆ. ಆದ್ದರಿಂದ ಅದಕ್ಕಿಂತ ದಪ್ಪನೆಯ ಮುಂಗಾಜಿಗೆ ಹಣ ಸುರಿಯುವುದು ವ್ಯರ್ಥ. ಒಳಗಿನ ಗುರಿಗೆರೆಗಳು ಮೂರು ಕಡೆ ದಪ್ಪವಾಗಿರಲಿ. ಮುಸ್ಸಂಜೆಯಲ್ಲಿ ತೆಳ್ಳನೆಯ ಗೆರೆ ಮಾಯವಾಗುತ್ತದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ. ಮನೆಯ ಮೆಟ್ಟಿಲ ಮೇಲೆ ನಿಂತು ಒಂದು ಕಣ್ಣು ಮುಚ್ಚಿ ಇಗರ್ಜಿಯ ಗಡಿಯಾರ ನೋಡು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡು. ಎರಡರಲ್ಲೂ ಮುಳ್ಳುಗಳು ಒಂದೇ ರೀತಿ ಕಾಣುತ್ತವೆಯೇ ತಿಳಿಸು.

ಇಲ್ಲಿ ಬೋರಾ ಗಾಳಿ ನಿಂತಿದೆ. ಅತ್ತಿಗೆಗೆ ವಂದನೆಗಳು.

ಚಿರಿಲ್


ಸ್ತಾರಿ ಲಾಜ್
20 ಮೇ 1997

ತಮ್ಮಾ,

ನಿನ್ನ ಕಾಗದ ಬರೋ ಹೊತ್ತಿಗೆ ತಡವಾಯ್ತು. ಕೊಂಡಾಯ್ತು. ಕೊಚೆವ್ಯೆಯ ಅಂಗಡಿಯವನು ಬಹಳ ಒಳ್ಳೇ ಮನುಷ್ಯ. "ಚಿಕ್ಕಪ್ಪಾ, ಇದನ್ನ ಹಾಕಿಕೊಂಡ್ರೆ ಚಂದ್ರನ ಮೇಲಿನ ಮೊಲ ಹೊಡೀಬಹುದು," ಅಂದ. ಮೂರರಿಂದ ಒಂಬತ್ತು ಪಟ್ಟು. ಮುಂಗಾಜು ಐವತ್ತು. ಒಳಗೆ ಕೆಂಪು ದೀಪ. ನೀನು ಬೇಡ ಅಂದದ್ದೆಲ್ಲ ಒಂದರಲ್ಲೇ ಇದೆ, ಬೆಲೆ ನೋಡಿದರೆ ಪಾಪ ಅನ್ನಿಸ್ತದೆ. (ಯಾರ ಮೇಲೆ ಪಾಪ ಅಂತ ಕೇಳಿದೆ.)

ಗಡಿಯಾರ ನೋಡಿದೆ. ಎರಡು ಕಣ್ಣಿಗೂ ಮುಳ್ಳು ಒಂದೇ ಥರ, ನಾಲ್ಕು ಇಪ್ಪತ್ತು. (ಆ ಗಡಿಯಾರ ನಿಂತು ಎರಡು ವರ್ಷ ಆಯ್ತು. ನಾಲ್ಕು ಇಪ್ಪತ್ತರಲ್ಲೇ ಇದೆ ಅಂತ ಊರಿಗೆಲ್ಲ ಗೊತ್ತು.)

ಗೋಜಲು ಏನಂದರೆ, ಗುಂಡು ಎಡಕ್ಕೆ ಬೀಳ್ತದೆ. ಹಳೇ ದುರ್ಬೀನಿನಲ್ಲಿ ಹೇಗೆ ಮಾಡ್ತಿದ್ವೋ ಹಾಗೇ ಗೆರೆನ ಗುಂಡಿನ ತೂತಿನ ಕಡೆಗೆ ಓಡಿಸಿದೆ. ಇನ್ನೂ ಎಡಕ್ಕೆ ಹೋಯ್ತು. ಮತ್ತೆ ಓಡಿಸಿದೆ. ಹಲಗೆಯಿಂದಾಚೆಗೇ ಹೋಯ್ತು. ಪೌಲಿನ್ ನೋಡ್ತಾ ನಿಂತಿದ್ದ. "ಲುಡ್ವಿಕ್, ಅಕ್ಟೋಬರ್‌ಗೆ ಹಲಗೇನ ಪಕ್ಕದ ಹಳ್ಳೀಲಿ ನೆಡಿಸ್ತೀನಿ ಬಿಡು," ಅಂದ.

ಲುಡ್ವಿಕ್


ಟ್ರಿಯೆಸ್ಟ್
2 ಜೂನ್ 1997

ಪ್ರೀತಿಯ ಅಣ್ಣನಿಗೆ,

ಕೊಂಡದ್ದಾಯಿತು. ಇನ್ನು ಅದರಿಂದ ಆಗುವಷ್ಟು ಕೆಲಸ ತೆಗೆಯೋಣ.

ನಿನ್ನ ತೊಂದರೆಗೆ ಕಾರಣ ಸರಳ. ನಮ್ಮ ಕಡೆಯ ಹಳೆಯ ದುರ್ಬೀನುಗಳಲ್ಲಿ ತಿರುಪನ್ನು ತಿರುಗಿಸಿದರೆ ಗೆರೆಯೇ ಓಡಾಡುವುದು ಕಣ್ಣಿಗೆ ಕಾಣುತ್ತಿತ್ತು. ಅದಕ್ಕಾಗಿಯೇ ಗೆರೆಯನ್ನು ತೂತಿನತ್ತ ಓಡಿಸುವುದು ನಮ್ಮ ಬೇಟೆಗಾರರಿಗೆಲ್ಲ ಅಭ್ಯಾಸ. ಹೊಸದರಲ್ಲಿ ಗೆರೆ ನಡುವೆಯೇ ನಿಂತಿರುತ್ತದೆ. ತಿರುಪಿನ ಮೇಲಿನ ಬಾಣವು ಗುಂಡು ಯಾವ ಕಡೆಗೆ ಸರಿಯಬೇಕೆಂಬುದನ್ನು ಸೂಚಿಸುತ್ತದೆ. ಗುಂಡು ಎಡಕ್ಕೆ ಬಿದ್ದರೆ ತಿರುಪನ್ನು ಬಲದ ಬಾಣದತ್ತ ತಿರುಗಿಸಬೇಕು. ನೀನು ನಲವತ್ತು ವರ್ಷ ಸರಿಯಾಗಿ ಮಾಡಿದ್ದನ್ನೇ ಈಗಲೂ ಮಾಡಿದ್ದೀಯೆ. ಉಪಕರಣ ಮಾತ್ರ ಬದಲಾಗಿದೆ.

ಗಡಿಯಾರದ ಪರೀಕ್ಷೆಯಿಂದ ಎರಡು ಕಣ್ಣುಗಳೂ ಸಮವಾಗಿವೆ ಎಂದು ತಿಳಿದು ಸಮಾಧಾನವಾಯಿತು. ಗಡಿಯಾರವನ್ನು ಎರಡು ವರ್ಷವಾದರೂ ರಿಪೇರಿ ಮಾಡಿಸದಿರುವುದು ಸರಿಯಲ್ಲ ಎಂದು ಪಾದ್ರಿಗಳಿಗೆ ತಿಳಿಸುವುದು.

ಚಿರಿಲ್


ಸ್ತಾರಿ ಲಾಜ್
7 ಜುಲೈ 1997

ತಮ್ಮಾ,

ನೀನು ಹೇಳಿದ ಹಾಗೆ ಮಾಡಿದೆ, ಬಳೆಯೊಳಗೆ ಬಿತ್ತು. ಅವತ್ತು ಪೌಲಿನ್‌ಗೆ ನಾನೇ ಪ್ಲಮ್ ಬ್ರಾಂದಿ ಕುಡಿಸಿದೆ. ಮುಂದಿನ ವಾರ ಹೋದೆ, ಗುಂಡು ಬಲಕ್ಕೆ ಒಂದು ಅಂಗೈ ದೂರ. ಸರಿ ಮಾಡಿದೆ. ಅದರ ಮುಂದಿನ ವಾರ ಮತ್ತೆ ಬಲಕ್ಕೆ, ಮೇಲಕ್ಕೆ ಬೇರೆ. ಕೋವಿ ಬಿದ್ದಿಲ್ಲ, ಯಾರಿಗೂ ತಾಗಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರ್ತೀನಿ, ಕೀಲಿ ಗೊತ್ತಿರೋ ಜಾಗದಲ್ಲಿರ್ತದೆ. (ಕೀಲಿ ಇರೋದು ನನ್ನ ಹಿಟ್ಟಿನ ಡಬ್ಬಿಯಲ್ಲಿ. ಬೇರೆ ಎಲ್ಲಿಟ್ಟರೂ ಇವರು ಮರೀತಾರೆ.)

ಹಲ್ಲಿನ ಡಾಕ್ಟರು ಮೊನ್ನೆ ಹುಲ್ಲುಗಾವಲಿಗೆ ಬಂದು ನಮ್ಮ ಅಟ್ಟಣೆ ಏಣಿನ ಅಳತೆಪಟ್ಟಿಯಲ್ಲಿ ಅಳೀತಿದ್ದ. "ಏನು ಡಾಕ್ಟ್ರೇ, ಹಲ್ಲು ಕಟ್ಟಿಸಬೇಕಾ?" ಅಂದೆ. "ಇಲ್ಲ ಲುಡ್ವಿಕ್, ಮೆಟ್ಟಿಲು ಕಿರಿದಾಯ್ತು, ನನ್ನ ಬೂಟು ಹಿಡಿಸಲ್ಲ," ಅಂದ. ನೋಡಿದೆಯಾ, ಈಗಲೇ ಬೂಟಿನ ಲೆಕ್ಕ.

ಟಿಲ್ಕಾ ದುರ್ಬೀನಿನಲ್ಲಿ ಏನೂ ತಪ್ಪಿಲ್ಲ ಅಂತಾಳೆ. ಇವಳಿಗೆ ಹೇಗೆ ಗೊತ್ತು ಅಂತ ಕೇಳಿದರೆ ಬೆಣ್ಣೆ ಕಡೀತಿದ್ದೀನಿ, ಆಮೇಲೆ ಮಾತಾಡೋಣ ಅಂತಾಳೆ. (ಕಡೀತಿದ್ದೆ.)

ಲುಡ್ವಿಕ್


ಟ್ರಿಯೆಸ್ಟ್
16 ಜುಲೈ 1997

ಪ್ರೀತಿಯ ಅಣ್ಣನಿಗೆ,

ಒಮ್ಮೆ ಹೊಂದಿಸಿದ ಗುರಿ ತಾನಾಗಿ ಸರಿಯುತ್ತಿದ್ದರೆ ಸಾಮಾನ್ಯವಾಗಿ ದೋಷ ಗಾಜಿನದಲ್ಲ, ದುರ್ಬೀನನ್ನು ಕೋವಿಗೆ ಕೂರಿಸುವ ಹಿಡಿಕೆಯ ತಿರುಪುಗಳದು. ಅವುಗಳನ್ನು ಬಿಚ್ಚಿ, ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ಮತ್ತೆ ಬಿಗಿ ಮಾಡು. ಬಳಿಕ ಅತ್ತಿಗೆಯ ಹತ್ತಿರ ಕೆಂಪು ಉಗುರುಬಣ್ಣವಿದ್ದರೆ ತೆಗೆದುಕೊಂಡು ಪ್ರತಿ ತಿರುಪಿನ ಮೇಲೂ, ಅದು ಕೂತಿರುವ ಲೋಹದ ಮೇಲೂ ಹಾಯುವಂತೆ ಒಂದೊಂದು ಗೆರೆ ಎಳೆ. ಮೇಲಿನ ಮತ್ತು ಪಕ್ಕದ ಗುರಿತಿರುಪುಗಳಿಗೂ, ಕಣ್ಣಿನ ಕಡೆಯ ಉಂಗುರಕ್ಕೂ ಹಾಗೆಯೇ. ಯಾವುದು ಎಳ್ಳಷ್ಟು ತಿರುಗಿದರೂ ಅದರ ಗೆರೆ ಮುರಿದು ತೋರಿಸುತ್ತದೆ. ನಮ್ಮ ಕಾರ್ಖಾನೆಯಲ್ಲಿಯೂ ಇದೇ ಕ್ರಮ.

ಪ್ರತಿ ಸಲ ಗುರಿಕಟ್ಟೆಗೆ ಹೋದಾಗ ಯಾವ ವಾರ, ಬೆಳಕು ಹೇಗಿತ್ತು, ಗುಂಡು ಎಲ್ಲಿ ಬಿತ್ತು ಎಂದು ತಿಳಿಸು. ಊಹೆಯಿಂದ ನಾನು ಏನನ್ನೂ ಹೇಳಲಾರೆ.

ಆ ಏಣಿಯ ಮೆಟ್ಟಿಲು ಕಿರಿದಾದದ್ದು ನನ್ನ ತಪ್ಪು. ಅಂದು ಗರಗಸ ನನ್ನ ಕೈಯಲ್ಲಿತ್ತು.

ಚಿರಿಲ್


ಸ್ತಾರಿ ಲಾಜ್
18 ಆಗಸ್ಟ್ 1997

ತಮ್ಮಾ,

ನನಗೆ ತಲೆ ಕೆಟ್ಟಿದೆ. ಉಗುರುಬಣ್ಣ ಹಚ್ಚಿದ್ದಾಯ್ತು. ಟಿಲ್ಕಾನೇ ಹಚ್ಚಿದಳು, ಇಂಥದ್ದಕ್ಕೆ ಗಂಡಸರ ಕೈ ಆಗಲ್ಲ ಅಂತ. ಒಂದು ತಿಂಗಳಾಯ್ತು. ಬೆರಳಾಡಿಸಿ ನೋಡ್ತೀನಿ, ಒಂದು ಗೆರೆನೂ ಮುರಿದಿಲ್ಲ, ಇವತ್ತು ತಾನೇ ಕಿತ್ತ ಚೆರ್ರಿ ಹಣ್ಣಿನ ಹಾಗೆ ನುಣ್ಣಗಿದೆ. ಆದರೂ ಗುಂಡು ಸರೀತದೆ.

ನೀನು ಕೇಳಿದ ವಿವರ. ಬುಧವಾರ ಹೊಡೆದರೆ ಹೆಚ್ಚುಕಡಿಮೆ ಸರಿ. ಶುಕ್ರವಾರ ಹೊಡೆದರೆ ಕೆಟ್ಟಿರ್ತದೆ. ಮಳೆ ಇರಲಿ, ಬಿಸಿಲಿರಲಿ, ಶುಕ್ರವಾರ ಕೆಟ್ಟಿರ್ತದೆ. ಗುರುವಾರ ನಾನು ಕೋವಿ ಮುಟ್ಟೋದೇ ಇಲ್ಲ, ಸಂಜೆ ಬೇಟೆಗಾರರ ಗಾಯನದ ಅಭ್ಯಾಸ ಇರ್ತದೆ. ಹಾಗಾದರೆ ನಾನು ಹಾಡೋದಕ್ಕೂ ಗುಂಡು ಸರಿಯೋದಕ್ಕೂ ಏನು ಸಂಬಂಧ? ಪೋಸ್ಟ್ ಮಾಸ್ಟರ್ ಬ್ಲಾಜ್ ಇದಾನಲ್ಲ, ನನ್ನ ಪಕ್ಕ ನಿಂತು ಹಾಡೋನು, ಅವನು "ನಿನ್ನ ದನಿಗೆ ಇಗರ್ಜಿಯ ಗಾಜೇ ಅದುರ್ತದೆ, ದುರ್ಬೀನು ಯಾವ ಲೆಕ್ಕ," ಅಂತಾನೆ.

(ನಾನು ಇದಕ್ಕೆ ಏನೂ ಸೇರಿಸಲ್ಲ.)

ಲುಡ್ವಿಕ್


ಟ್ರಿಯೆಸ್ಟ್
30 ಆಗಸ್ಟ್ 1997

ಪ್ರೀತಿಯ ಅಣ್ಣನಿಗೆ,

ನಿನ್ನ ವಿವರವನ್ನು ಹಲವು ಬಾರಿ ಓದಿದೆ. ಲೋಹಕ್ಕೆ ವಾರಗಳು ತಿಳಿಯುವುದಿಲ್ಲ. ಶುಕ್ರವಾರ ಮಾತ್ರ ಕೆಡುವ ಯಂತ್ರವನ್ನು ನಾನು ಇದುವರೆಗೆ ಕಂಡಿಲ್ಲ.

ಒಂದೇ ಪ್ರಶ್ನೆ. ಇದಕ್ಕೆ ಉತ್ತರ ಬಂದ ಮೇಲೆಯೇ ಮುಂದಿನ ಮಾತು. ಆ ಕೋವಿಯನ್ನು ನಿನ್ನ ಹೊರತು ಬೇರೆ ಯಾರಾದರೂ ಉಪಯೋಗಿಸುತ್ತಾರೆಯೇ?

ಚಿರಿಲ್


ಸ್ತಾರಿ ಲಾಜ್
15 ಸೆಪ್ಟೆಂಬರ್ 1997

ತಮ್ಮಾ,

ನಿನ್ನ ಕಾಗದ ಬಹಳ ಚಿಕ್ಕದು. ಶುಕ್ರವಾರ ಕೆಡೋ ಯಂತ್ರ ನೋಡಿಲ್ಲ ಅಂತ ಬರೆದು ಅಷ್ಟಕ್ಕೇ ನಿಲ್ಲಿಸಿದೀಯ. ಅಷ್ಟು ಹೇಳೋಕೆ ಅಂಚೆಚೀಟಿ ಯಾಕೆ ಹಚ್ಚಿದೆ? ನಿನಗೂ ಗೊತ್ತಾಗಲಿಲ್ಲ ಅಂತ ನೇರವಾಗಿ ಹೇಳು, ನನಗೇನೂ ಬೇಜಾರಿಲ್ಲ.

ಈ ದುರ್ಬೀನನ್ನ ಕೊಳಕ್ಕೆ ಎಸೀತೀನಿ. ಬೇರೆ ಯಾವುದಾದರೂ ಹಳೇದು, ಅಗ್ಗದ್ದು ನಿನ್ನ ಕಾರ್ಖಾನೆಯಲ್ಲಿ ಸಿಗ್ತದಾ ನೋಡು. ಇನ್ನು ಆರು ವಾರ ಇದೆ. ಅಟ್ಟಣೆ ಹೋದರೆ ಸಂಜೆ ಹೊತ್ತು ನಾನು ಏನು ಮಾಡಲಿ ಹೇಳು. ಟಿಲ್ಕಾ ಎದುರಿಗೆ ಕೂತು ಅವಳ ಹೆಣಿಗೆ ನೋಡಲಾ?

ಲುಡ್ವಿಕ್

(ಅಣ್ಣನಿಗೆ ಬೇಸರ ಬಹಳ ಇದೆ. ಸಿಟ್ಟು ಮಾಡಿಕೊಳ್ಳಬೇಡ.)


ಟ್ರಿಯೆಸ್ಟ್
24 ಸೆಪ್ಟೆಂಬರ್ 1997

ಪ್ರೀತಿಯ ಅಣ್ಣನಿಗೆ,

ನಮ್ಮಲ್ಲಿ ದುರಸ್ತಿಗೆ ಬಂದು, ಒಡೆಯನು ಬಿಟ್ಟುಹೋದ ಒಂದು ದುರ್ಬೀನಿದೆ. ಆರು ಪಟ್ಟು, ನಲವತ್ತೆರಡು, ಹಿಗ್ಗುವುದಿಲ್ಲ, ದೀಪವಿಲ್ಲ. ಕೊಳವೆಯ ಮೇಲೆ ಗೀರುಗಳಿವೆ, ಗಾಜು ನಿರ್ಮಲವಾಗಿದೆ. ಕೊಚೆವ್ಯೆಯವನು ನಿನ್ನಿಂದ ಪಡೆದುದರ ಅರ್ಧ ಬೆಲೆಗೆ ಕೊಡುತ್ತಾರೆ. ಒಳಗನ್ನು ತೊಳೆದು, ಹೊಂದಿಸಿ ಕಳುಹಿಸುತ್ತೇನೆ. ಚಿಂತಿಸಬೇಡ.

ಅತ್ತಿಗೆ, ಇಲ್ಲಿಂದ ಮುಂದಿನದನ್ನು ದಯವಿಟ್ಟು ಗಟ್ಟಿಯಾಗಿ ಓದಬೇಡಿ.

ನನ್ನ ಹಿಂದಿನ ಕಾಗದದಲ್ಲಿ ಒಂದೇ ಪ್ರಶ್ನೆ ಇತ್ತು. ಅಣ್ಣನಿಗೆ ಅದು ತಲುಪಿಲ್ಲ. ಕಾಗದವನ್ನು ಓದಿದವರು ನೀವು. ಎಣ್ಣೆ, ಹೊಗೆ, ಬೆವರು ತಾಗುವ ಲೋಹದ ಮೇಲೆ ಉಗುರುಬಣ್ಣ ಒಂದು ತಿಂಗಳು ಚೆರ್ರಿಯಂತೆ ನುಣ್ಣಗಿರುವುದಿಲ್ಲ. ಯಾರೋ ಮತ್ತೆ ಮತ್ತೆ ಹಚ್ಚಿದರೆ ಮಾತ್ರ ಇರುತ್ತದೆ. ಶೀಶೆ ಇರುವುದು ನಿಮ್ಮ ಬಳಿ. ಕೀಲಿ ಇರುವುದು ನಿಮ್ಮ ಹಿಟ್ಟಿನ ಡಬ್ಬಿಯಲ್ಲಿ. ಗುರುವಾರ ಸಂಜೆ ಅಣ್ಣ ಮನೆಯಲ್ಲಿರುವುದಿಲ್ಲ.

ನೀವು ಏಕೆ ಹೊಡೆಯುತ್ತೀರಿ ಎಂದು ನಾನು ಕೇಳುವುದಿಲ್ಲ. ಒಂದು ವಿಷಯ ಮಾತ್ರ ತಿಳಿಸಬೇಕು. ಅಗ್ಗದ ದುರ್ಬೀನಿನಲ್ಲಿ ಕಣ್ಣು ಸರಿಯಾಗಿ ನಡುವೆ ನಿಲ್ಲದಿದ್ದರೆ ಗೆರೆ ಒಂದು ಕಡೆ ತೋರಿಸುತ್ತದೆ, ಗುಂಡು ಇನ್ನೊಂದು ಕಡೆ ಹೋಗುತ್ತದೆ. ಕೋವಿಯ ಹಿಡಿ ನಿಮಗೆ ಉದ್ದ. ನಿಮ್ಮ ಕಣ್ಣು ಒಂದು ಅಂಚಿಗೆ ಬರುತ್ತದೆ. ಅಣ್ಣನ ಕಣ್ಣು ಇನ್ನೊಂದು ಅಂಚಿಗೆ ಬರುತ್ತಿರಬೇಕು, ಅವನು ತಲೆ ವಾಲಿಸಿ ನೋಡುತ್ತಿದ್ದರೆ. ನಿಂತ ಗಡಿಯಾರದ ಬಗ್ಗೆ ನೀವು ಬರೆದಿದ್ದ ಮಾತಿನ ಅರ್ಥ ನನಗೆ ಮೇ ತಿಂಗಳಲ್ಲೇ ಆಗಬೇಕಿತ್ತು. ಅವನು ನೋಡಲಿಲ್ಲ, ನೆನಪಿನಿಂದ ಹೇಳಿದ.

ಕಳುಹಿಸುವ ದುರ್ಬೀನನ್ನು ಒಬ್ಬರ ಕಣ್ಣಿಗೆ ಮಾತ್ರ ಹೊಂದಿಸಬಹುದು. ಕೋವಿಯ ಮೇಲೆ ಅದನ್ನು ಹಿಂದಕ್ಕೋ ಮುಂದಕ್ಕೋ ಕೂರಿಸುವುದೂ ಆ ಒಬ್ಬರ ಅಳತೆಗೇ. ಯಾರ ಕಣ್ಣಿಗೆ ಎಂದು ತಿಳಿಸಿ.

ಚಿರಿಲ್


ಸ್ತಾರಿ ಲಾಜ್
3 ಅಕ್ಟೋಬರ್ 1997

ಚಿರಿಲ್,

ಈ ಕಾಗದ ನನ್ನದೇ. ಇವರು ಕೊಟ್ಟಿಗೆಯಲ್ಲಿದ್ದಾರೆ.

ಹೌದು, ನಾನೇ. ಗುಡ್ಡದಾಚೆಯ ಸಂಘದಲ್ಲಿ ಬೇಟೆ ಕಲಿಯೋಕೆ ಹೆಸರು ಕೊಟ್ಟಿದೀನಿ. ಅರಣ್ಯ ಇಲಾಖೆಯ ಓಜ್ಬೊಲ್ಟ್ ಕಲಿಸ್ತಾನೆ, ಜೊತೆಗೆ ನಿಂತೇ ಹೊಡೆಸ್ತಾನೆ. ಈ ತಿಂಗಳ ಹದಿನೆಂಟಕ್ಕೆ ನನ್ನ ಗುರಿಪರೀಕ್ಷೆ. ನಮ್ಮ ಸಂಘದಲ್ಲಿ ಅರ್ಜಿ ಹಾಕಿದರೆ ಸಭೆಯಲ್ಲಿ ಎಲ್ಲರೂ ಕೈ ಎತ್ತಬೇಕು, ಅದೂ ಇವರ ಎದುರಿಗೇ. ಗಂಡ ಇಳಿಯೋ ಮೊದಲೇ ಹೆಂಡತಿ ಏಣಿ ಹತ್ತಿದಳು ಅಂತಾರೆ.

ಇವರಿಗೆ ಕಣ್ಣು ಕಾಣಲ್ಲ, ಚಿರಿಲ್. ಬಲಗಣ್ಣು ಹೋಗಿದೆ, ಎಡಗಣ್ಣು ಅರ್ಧ. ಚಳಿಗಾಲದಲ್ಲಿ ಹೋಟೆಲಿನ ಗೂಟಕ್ಕೆ ನೇತು ಹಾಕಿದ್ದ ಹಲ್ಲಿನ ಡಾಕ್ಟರ ಕೋಟಿಗೆ "ಏನು ಡಾಕ್ಟ್ರೇ, ಒಬ್ಬರೇ ನಿಂತಿದೀರಿ" ಅಂತ ಮಾತಾಡಿಸಿದ್ರು. ಎಲ್ಲರೂ ತಮಾಷೆ ಅಂತ ನಕ್ಕರು. ಇವರೂ ನಕ್ಕರು. ನಾನು ನಗಲಿಲ್ಲ.

ಅಟ್ಟಣೆ ಹೋಗಬಾರದು ಅಂತ ನನಗೂ ಇದೆ. ಹೋದರೂ ಈ ಮನೆಯಲ್ಲಿ ಒಬ್ಬರು ಬೇಟೆಗೆ ಹೋಗೋರಿದ್ದರೆ ಇವರು ಜೊತೆಗೆ ಕಾಡಿಗೆ ಬರಬಹುದು, ಅದಕ್ಕೇ ಕಲಿತೆ. ಆದರೆ ಇವರ ಗುರಿ ಕೆಡಿಸೋಕೆ ನಾನು ಬಯಸಿರಲಿಲ್ಲ. ಗುರುವಾರ ಹೊಡೆಯೋ ಮೊದಲು ತಿರುಪು ಎಲ್ಲಿತ್ತು ನೋಡ್ಕೊಂಡು, ಮುಗಿದ ಮೇಲೆ ಅದೇ ಜಾಗಕ್ಕೆ ತಿರುಗಿಸಿಟ್ಟು, ಬಣ್ಣ ಹಚ್ಚಿ ಒಣಗಿಸ್ತಿದ್ದೆ. ಇವರದು ಇವರಿಗೆ ಇದ್ದ ಹಾಗೇ ಸಿಗಬೇಕು ಅಂತ. ಆದರೂ ಶುಕ್ರವಾರ ಯಾಕೆ ಕೆಡ್ತದೋ ನನಗೂ ತಿಳೀದು. ಅದೊಂದು ನಿಜವಾಗಿಯೂ ಗೋಜಲು.

ಹೊಸದನ್ನ ಇವರ ಕಣ್ಣಿಗೆ ಹೊಂದಿಸು. ಎಷ್ಟು ಕಾಣ್ತದೋ ಅಷ್ಟು ಚೆನ್ನಾಗಿ ಕಾಣಲಿ. ನನ್ನ ಪರೀಕ್ಷೆ ಮುಂದಿನ ವರ್ಷವೂ ಇರ್ತದೆ. ನಾನು ಬರೆದೆ ಅಂತ ಹೇಳಬೇಡ.

ಟಿಲ್ಕಾ


ಸ್ತಾರಿ ಲಾಜ್, ಅಂಚೆ ಕಚೇರಿ
9 ಅಕ್ಟೋಬರ್ 1997

ತಮ್ಮಾ,

ಇದು ನನ್ನದೇ ಕೈ. ದಪ್ಪ ಪೆನ್ನಿನಲ್ಲಿ ಬರೀತಿದೀನಿ, ಸಾಲು ಓರೆ ಹೋದರೆ ಬ್ಲಾಜ್ ಕೈ ಹಿಡಿದು ನೆಟ್ಟಗೆ ಮಾಡ್ತಾನೆ. ಅವನು ಯಾರಿಗೂ ಹೇಳಲ್ಲ. ಹೇಳಿದರೆ ಗಾಯನದಲ್ಲಿ ಅವನ ಶ್ರುತಿ ತಪ್ಪೋದನ್ನ ನಾನು ಹೇಳ್ತೀನಿ.

ಟಿಲ್ಕಾ ಕೋವಿ ಹೊಡೀತಾಳೆ. ಜೂನ್‌ನಿಂದ ಗೊತ್ತು ನನಗೆ. ಗುರುವಾರ ಹಾಡಿ ಮನೆಗೆ ಬಂದರೆ ನಳಿಗೆಯಲ್ಲಿ ಹೊಸ ಮದ್ದಿನ ವಾಸನೆ, ಜುಲೈ ಆದ ಮೇಲೆ ಅವಳ ಕೈಯಲ್ಲಿ ಉಗುರುಬಣ್ಣದ ವಾಸನೆ ಬೇರೆ. ಕಣ್ಣು ಹೋದರೆ ಮೂಗು ಬರ್ತದೆ. ಓಜ್ಬೊಲ್ಟ್‌ನ ಹಿಡಿದು ಕೇಳಿದೆ, ಒಪ್ಪಿಕೊಂಡ. "ನಿನ್ನ ಹೆಂಡತಿ ನಿನಗಿಂತ ಚೆನ್ನಾಗಿ ಹೊಡೀತಾಳೆ, ಏನು ಮಾಡಲಿ," ಅಂದ. ಅವತ್ತು ರಾತ್ರಿ ಊಟ ರುಚಿಸ್ತು.

ನಾನು ಗೊತ್ತಿಲ್ಲದವನ ಹಾಗೇ ಇದ್ದೆ. ನನ್ನ ಅಭ್ಯಾಸಕ್ಕೆ ತಿರುಪು ತಿರುಗಿಸ್ತಿದ್ದೆ. ಆಮೇಲೆ ಪ್ರತಿ ಗುರುವಾರ ಬೆಳಿಗ್ಗೆ ಅವಳಿಗೆ ಬೇಕಾಗಬಹುದು ಅಂತ ಅಂದಾಜಿನ ಮೇಲೆ ತಿರುಗಿಸಿಡ್ತಿದ್ದೆ, ಸಂಜೆ ಅವಳಿಗೆ ಕಷ್ಟ ಆಗಬಾರದು ಅಂತ. ಶುಕ್ರವಾರ ನೋಡಿದರೆ ಕೋವಿ ಹಾಗೇ ಇರ್ತಿತ್ತು. ಸದ್ಯ, ಅವಳಿಗೆ ಸರಿಹೋಗಿದೆ ಅಂದ್ಕೊಳ್ತಿದ್ದೆ. ನಿನಗೆ ಶುಕ್ರವಾರದ ಕಥೆ ಬರೆಸಿದ್ದು ಸುಮ್ಮನೆ, ಅವಳಾಗಿ ಬಾಯಿ ಬಿಡ್ತಾಳೇನೋ ಅಂತ. ಬಿಡಲಿಲ್ಲ.

ನವೆಂಬರಿನಲ್ಲಿ ಆ ಜಿಂಕೆ ನನಗೆ ಕಾಣಿಸಿರಲಿಲ್ಲ. ಕಂದು ಬಣ್ಣ ಅಲ್ಲಾಡ್ತು, ಹಾರಿಸಿದೆ. ಲ್ಯುಬ್ಲಿಯಾನಾದ ಕಣ್ಣಿನ ಡಾಕ್ಟರು ಪೊರೆ ಬಂದಿದೆ, ಫೆಬ್ರವರಿಯಲ್ಲಿ ತೆಗೀತೀವಿ ಅಂದಿದಾರೆ. ಟಿಲ್ಕಾಗೆ ಹೇಳಿಲ್ಲ. ಪೌಲಿನ್‌ಗೆ ಗೊತ್ತಾದರೆ ತಿಂಗಳ ಕೊನೆವರೆಗೂ ಕಾಯಲ್ಲ, ಅಟ್ಟಣೆ ಇವತ್ತೇ ಹೋಗ್ತದೆ.

ನೀನು ಕಳಿಸೋ ದುರ್ಬೀನು ಅವಳ ಕಣ್ಣಿಗೆ ಹೊಂದಿಸು. ನಾನು ಅದೃಷ್ಟದ ಮೇಲೆ ಐದು ಗುಂಡು ಹೊಡೀತೀನಿ. ನಾನು ಬರೆದೆ ಅಂತ ಹೇಳಬೇಡ.

ಲುಡ್ವಿಕ್


ಟ್ರಿಯೆಸ್ಟ್
12 ಅಕ್ಟೋಬರ್ 1997

ಪ್ರೀತಿಯ ಅಣ್ಣ, ಅತ್ತಿಗೆ,

ಇಬ್ಬರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಅಣ್ಣ ತಾನೇ ಓದಿಕೊಳ್ಳಲೆಂದು ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯುವ ಕುಂಚದಿಂದ ಅಕ್ಷರಗಳನ್ನು ಬೆರಳುದ್ದ ಮಾಡಿದ್ದೇನೆ. ಆದ್ದರಿಂದ ಮಾತು ಕಡಿಮೆ, ಹಾಳೆ ಹೆಚ್ಚು.

ನನ್ನ ಮುಂದೆ ಎರಡು ಕಾಗದಗಳಿವೆ. ಒಂದರಲ್ಲಿ ಹೇಳಿದಂತೆ ಮಾಡಿದರೆ ಇನ್ನೊಂದಕ್ಕೆ ದ್ರೋಹವಾಗುತ್ತದೆ. ಎರಡರಲ್ಲೂ ಯಾರಿಗೂ ಹೇಳಬೇಡ ಎಂದಿದೆ. ರಾತ್ರಿಯೆಲ್ಲ ಯೋಚಿಸಿದೆ. ಮಸೂರಕ್ಕೆ ಉತ್ತರ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ.

ಗುರಿ ಕೆಟ್ಟದ್ದೇಕೆಂದು ಮಾತ್ರ ಈಗ ಗೊತ್ತಾಗಿದೆ. ಗುರುವಾರ ಬೆಳಿಗ್ಗೆ ಅಣ್ಣ ಅತ್ತಿಗೆಗಾಗಿ ತಿರುಗಿಸಿಟ್ಟದ್ದನ್ನು ಅತ್ತಿಗೆ ಅಣ್ಣನದೆಂದು ತಿಳಿದು, ಸಂಜೆ ಹಾಗೆಯೇ ಜೋಪಾನವಾಗಿ ಅಲ್ಲಿಗೇ ತಂದಿಟ್ಟರು. ಅದು ಅತ್ತಿಗೆಗೂ ಸರಿಯಿರಲಿಲ್ಲ, ಅಣ್ಣನಿಗೂ ಸರಿಯಿರಲಿಲ್ಲ. ಇಂಥ ದೋಷಕ್ಕೆ ನಮ್ಮ ವೃತ್ತಿಯಲ್ಲಿ ಹೆಸರಿಲ್ಲ.

ನೀವಿಬ್ಬರೂ ಕೇಳಿಕೊಂಡದ್ದನ್ನು ನಾನು ಮೀರುತ್ತಿದ್ದೇನೆ. ಅತ್ತಿಗೆಯ ಕಾಗದವನ್ನು ಅಣ್ಣನಿಗಾಗಿ, ಅಣ್ಣನ ಕಾಗದವನ್ನು ಅತ್ತಿಗೆಗಾಗಿ ಇದರ ಜೊತೆಗಿಟ್ಟಿದ್ದೇನೆ. ಅತ್ತಿಗೆಯದನ್ನು ಅತ್ತಿಗೆಯೇ ಅಣ್ಣನಿಗೆ ಓದಿ ಹೇಳಬೇಕಾಗುತ್ತದೆ. ಈ ಸಲ ಏನನ್ನೂ ಬಿಡಬಾರದು.

ದುರ್ಬೀನನ್ನು ಯಾರ ಕಣ್ಣಿಗೂ ಹೊಂದಿಸದೆ ಕಳುಹಿಸಿದ್ದೇನೆ. ಮೇಜಿನ ಮೇಲಿಟ್ಟು, ಇಬ್ಬರೂ ಎದುರುಬದುರು ಕುಳಿತು ನಿರ್ಧರಿಸಿ. ಕೋಪವಿದ್ದರೆ ಅದನ್ನು ನನ್ನ ಮೇಲೆ ಹಾಕಿ.

ಚಿರಿಲ್


ಸ್ತಾರಿ ಲಾಜ್
10 ನವೆಂಬರ್ 1997

ತಮ್ಮಾ,

ಹೇಳೋನು ನಾನು, ಬರೆಯೋಳು ಇವಳು. ಈ ಸಲ ಇವಳು ಸೇರಿಸಿದ್ದನ್ನೆಲ್ಲ ನನಗೆ ಓದಿ ಹೇಳಬೇಕು ಅಂತ ಕರಾರು. (ಒಪ್ಪಿದೀನಿ.)

ನಿನ್ನ ಲಕೋಟೆ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹತ್ತಲಿಲ್ಲ. ಇವಳು ತನ್ನ ಕಾಗದ ಓದಿದಳು. ಕೋಟಿನ ವಿಷಯಕ್ಕೆ ಬಂದಾಗ ನಿಲ್ಲಿಸಿದಳು. ಮುಂದಕ್ಕೆ ಓದು ಅಂದೆ. ಆಮೇಲೆ ನನ್ನದನ್ನ ಓದ್ಕೊಂಡಳು, ಮನಸ್ಸಿನಲ್ಲೇ. ಓದಿ ಮುಗಿಸಿ, "ಐದು ತಿಂಗಳು ನನ್ನ ಕೈಲಿ ಸುಳ್ಳು ಬರೆಸಿದ್ರಾ?" ಅಂದಳು. "ನೀನು ನನಗೆ ಅರ್ಧ ಕಾಗದ ಓದಿದೆಯಲ್ಲ," ಅಂದೆ. ಆಮೇಲೆ ನಾವಿಬ್ಬರೂ ಬಹಳ ಹೊತ್ತು ನಿನ್ನನ್ನ ಬೈದ್ವಿ. ಅದರಲ್ಲಿ ಮಾತ್ರ ಭೇದ ಬರಲಿಲ್ಲ.

ದುರ್ಬೀನು ಇವಳ ಕಣ್ಣಿಗೆ ಕೂತಿದೆ. ಉಂಗುರ ತಿರುಗಿಸಿದ್ದು ನಾನು. ಅವಳು "ಇನ್ನೂ ಸ್ವಲ್ಪ, ಸಾಕು" ಅಂತ ಹೇಳ್ತಿದ್ದಳು. ಹದಿನೆಂಟರಂದು ಪರೀಕ್ಷೆ ಪಾಸಾದಳು. ಓಜ್ಬೊಲ್ಟ್ ಎಲ್ಲರ ಮುಂದೆ ಟೋಪಿ ತೆಗೆದ.

ಇಪ್ಪತ್ತಾರಕ್ಕೆ ನಾನು ಗುರಿಕಟ್ಟೆಗೆ ಹೋದೆ. ಕೋವಿ ಒಯ್ಯಲಿಲ್ಲ. ಎಲ್ಲರೂ ಸಾಲಾಗಿ ನಿಂತಿದ್ರು. ಪೌಲಿನ್, "ಎಲ್ಲಯ್ಯಾ ಕೋವಿ?" ಅಂದ. "ಹಲಗೆ ಎಲ್ಲಿದೆ ಅಂತಲೇ ನನಗೆ ಕಾಣಲ್ಲ ಪೌಲಿನ್. ಜಿಂಕೆನೂ ಕಂಡಿರಲಿಲ್ಲ," ಅಂದೆ. ಆಮೇಲೆ ಪೌಲಿನ್, "ಇದನ್ನ ನೀನು ಹೋದ ವರ್ಷ ಹೇಳಿದ್ದರೆ ಆ ಪ್ರಾಣಿ ಹಾಗೆ ಸಾಯ್ತಿರಲಿಲ್ಲ," ಅಂದ. "ಗೊತ್ತು," ಅಂದೆ. ಅವನು ಕಠಿಣವಾಗೇ ಅಂದ, ಸರಿಯಾಗೇ ಅಂದ.

ಅಟ್ಟಣೆ ಹೋಯ್ತು. ಹಲ್ಲಿನ ಡಾಕ್ಟರು ಮೆಟ್ಟಿಲು ಅಗಲ ಮಾಡಿಸ್ತಿದಾನೆ. ಕಣ್ಣು ಸರಿಹೋದ ಮೇಲೆ ಬಾ, ಬೇರೆ ಜಾಗ ನೋಡೋಣ ಅಂತ ಸಂಘದವರು ಅಂದಿದಾರೆ. ನಿನಗೆ ನೋವಾಗ್ತದೆ ಅಂತ ಗೊತ್ತು. ನೀನು ಅದನ್ನ ಬರೆಯಲ್ಲ ಅಂತಲೂ ಗೊತ್ತು.

ಗುಡ್ಡದಾಚೆ ಇವಳಿಗೆ ಒಂದು ಜಾಗ ಕೊಟ್ಟಿದಾರೆ, ಚಿಕ್ಕದು. ನಾನು ಜೊತೆಗೆ ಕೂರಬಹುದು. ನಿನ್ನೆ ಸಂಜೆ ಮೊದಲನೇ ಸಲ ಹೋದ್ವಿ. ಇವಳು ದೊಡ್ಡದಾಗಿ ಉಸಿರಾಡ್ತಾಳೆ. (ಮೆಟ್ಟಿಲು ಹತ್ತಿದ್ದೆ.) ಕತ್ತಲು ಇಳಿಯೋ ಹೊತ್ತಿಗೆ ನನಗೆ ಸಪ್ಪಳ ಕೇಳಿಸ್ತು, ತರಗೆಲೆ ಮೇಲೆ ಗೊರಸು. ಇವಳು ಬೇರೆ ಕಡೆ ನೋಡ್ತಾ ಕೂತಿದ್ದಳು. ಮಾತಾಡೋ ಹಾಗಿಲ್ಲವಲ್ಲ. ಗಲ್ಲ ಹಿಡಿದು ಮುಖನ ಆ ಕಡೆಗೆ ತಿರುಗಿಸಿದೆ.

(ಅಲ್ಲೇ ಇತ್ತು, ಚಿರಿಲ್. ದೇವದಾರುಗಳ ನಡುವೆ, ಕಿವಿ ಒದ್ದೆಯಾಗಿ ಹೊಳೀತಿತ್ತು. ನೀನು ಕಳಿಸಿದ ಗಾಜಿನಲ್ಲಿ ರೆಪ್ಪೆ ಕೂಡ ಕಾಣ್ತಿತ್ತು. ಇವರಿಗೆ ಕೊಟ್ಟೆ. ನೋಡಿ, ಕಾಣಲ್ಲ ಅಂತ ತಲೆ ಅಲ್ಲಾಡಿಸಿ ವಾಪಸ್ ಕೊಟ್ಟರು. ಆಮೇಲೆ ಕಿವಿಯಲ್ಲಿ, "ಏನು ಮಾಡ್ತಿದೆ ಹೇಳು," ಅಂದರು.)

ಹೇಳಿದಳು. ಮೇಯ್ತಿದೆ, ತಲೆ ಎತ್ತಿದೆ, ಮುಂಗಾಲು ಕೆರೀತಿದೆ ಅಂತ ಒಂದೊಂದಾಗಿ ಹೇಳಿದಳು. ನಾನು ಎಷ್ಟು ಪ್ರಾಯದ್ದು, ಜೊತೆಗೆ ಮರಿ ಇದೆಯಾ ಅಂತ ಕೇಳ್ತಾ ಹೋದೆ. ನಮ್ಮಿಬ್ಬರ ಮಾತು ಕೇಳಿ ಅದು ಓಡಿಹೋಯ್ತು.

ಲುಡ್ವಿಕ್
ಟಿಲ್ಕಾ